ಹಳೇ ಫಿಲ್ಮ್ ಕ್ಯಾಮೆರಾಗೆ ಮನೆಯಲ್ಲೇ ಹೊಸ ಬಣ್ಣ: ಪೆಂಟಾಕ್ಸ್ ಕೆ1000 ಇಟ್ಟುಕೊಂಡು ಒಂದೊಂದೇ ಹಂತ

ಕ್ಯಾಮೆರಾಗೆ ಬಣ್ಣ ಹಾಕಬೇಕು ಅಂದುಕೊಂಡವರು ಮೊದಲು ಕೇಳುವುದು ಯಾವ ಸ್ಪ್ರೇ ಒಳ್ಳೆಯದು ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮನೆಯಲ್ಲಿ ಹಾಕಿದ ಬಣ್ಣ ಎರಡು ತಿಂಗಳಲ್ಲಿ ಪದರ ಪದರವಾಗಿ ಎದ್ದು ಬಂದರೆ ಜನ ಡಬ್ಬಿಯನ್ನು ಬೈಯುತ್ತಾರೆ. ಆದರೆ ಬಹಳ ಸಲ ಅಲ್ಲಿ ಆಗಿರುವುದೇ ಬೇರೆ. ಲೋಹದ ಮೇಲೆ ಬೆರಳಿನ ಜಿಡ್ಡು ಉಳಿದಿರುತ್ತದೆ, ಇಲ್ಲವೇ ನುಣುಪಾದ ಕ್ರೋಮ್ ಮೇಲೆ ಸುಮ್ನೆ ಸ್ಪ್ರೇ ಹೊಡೆದಿರುತ್ತಾರೆ. ಕೆಳಗಿನ ಕೆಲಸ ಸರಿಯಾಗಿದ್ದರೆ ಸಾಧಾರಣ ಡಬ್ಬಿಯ ಬಣ್ಣವೂ ವರ್ಷಗಟ್ಟಲೆ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಬಣ್ಣ ಹೊಡೆಯುವುದಕ್ಕಿಂತ ಅದಕ್ಕೆ ಮುಂಚಿನ ಕೆಲಸದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಯಾವ ಕ್ಯಾಮೆರಾ ತಗೋಬೇಕು

ಉದಾಹರಣೆಗೆ ಪೆಂಟಾಕ್ಸ್ ಕೆ1000 ತಗೊಂಡಿದ್ದೇನೆ. 1976ರಿಂದ 1997ರ ತನಕ ತಯಾರಾದ ಕ್ಯಾಮೆರಾ ಇದು. ಫೋಟೋಗ್ರಫಿ ಕಲಿಯುವವರ ಕೈಗೆ ಲೋಕದೆಲ್ಲೆಡೆ ಮೊದಲು ಬರುತ್ತಿದ್ದ ಕ್ಯಾಮೆರಾಗಳಲ್ಲಿ ಇದೂ ಒಂದು. ಶಟರ್ ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಿರುವುದು ಒಳಗಿನ ಲೈಟ್ ಮೀಟರ್‌ಗೆ ಮಾತ್ರ. ಸೆಲ್ಫ್ ಟೈಮರ್ ಕೂಡ ಇಲ್ಲ, ಅಂದರೆ ಬಿಚ್ಚುವುದಕ್ಕೆ ಒಂದು ಭಾಗ ಕಮ್ಮಿ.

ಒಂದು ವಿಷಯ ನೋಡಿಕೊಳ್ಳಿ. ಜಪಾನಿನಲ್ಲಿ ತಯಾರಾದ ಹಳೆಯ ಕೆ1000ಗಳಲ್ಲಿ ಟಾಪ್ ಪ್ಲೇಟ್ ಮತ್ತು ಬಾಟಮ್ ಪ್ಲೇಟ್ (ಕ್ಯಾಮೆರಾದ ಮೇಲಿನ ಮತ್ತು ಕೆಳಗಿನ ಮುಚ್ಚಳ) ಹಿತ್ತಾಳೆಯವು, ಮೇಲೆ ಕ್ರೋಮ್ ಲೇಪನ. ಕೊನೆಕೊನೆಗೆ ಚೀನಾದಲ್ಲಿ ತಯಾರಾದವುಗಳಲ್ಲಿ ಪ್ಲಾಸ್ಟಿಕ್ ಬಂತು. ಪ್ರಿಸಂ (ಲೆನ್ಸ್ ಮೇಲೆ ಗೋಪುರದ ಹಾಗೆ ಎದ್ದ ಭಾಗದೊಳಗಿನ ಗಾಜು) ಇರುವ ಜಾಗದ ಮುಂದೆ 'ಅಸಾಹಿ ಪೆಂಟಾಕ್ಸ್' ಅಂತ ಕೊರೆದಿದ್ದರೆ ಹಳೆಯದು. ಅನುಮಾನ ಇದ್ದರೆ ಬೆಳಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಿ, ಹಿತ್ತಾಳೆ ತಣ್ಣಗಿರುತ್ತದೆ. ಅಯಸ್ಕಾಂತ ಹಿಡಿದು ನೋಡಿ ಉಪಯೋಗ ಇಲ್ಲ, ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ. ಮೊದಲ ಸಲ ಮಾಡುವವರು ಲೋಹದ್ದನ್ನೇ ಆರಿಸಿ. ಪ್ಲಾಸ್ಟಿಕ್ಕಿಗೆ ಪ್ರೈಮರ್ ಬೇರೆ, ಥಿನ್ನರ್ ತಾಗಿದರೆ ಕರಗುವ ಭಯ ಬೇರೆ.

ಕ್ಯಾಮೆರಾ ಕೆಲಸ ಮಾಡುತ್ತಿರಬೇಕು, ನೋಡಲು ಮಾತ್ರ ಕೆಟ್ಟಿರಬೇಕು. ಕ್ರೋಮ್ ಕಿತ್ತುಹೋದದ್ದು, ಗೀರು ಬಿದ್ದದ್ದು, ಯಾರೋ ಹೆಸರು ಕೆತ್ತಿಸಿಕೊಂಡದ್ದು, ಇಂಥವೇ ಇದಕ್ಕೆ ಸರಿ. ಚೊಕ್ಕವಾಗಿರುವ ಕ್ಯಾಮೆರಾದ ಮೂಲ ಬಣ್ಣ ತೆಗೆಯಬೇಡಿ, ಸಂಗ್ರಹ ಮಾಡುವವರು ಬೆಲೆ ಕೊಡುವುದೇ ಆ ಮೂಲ ಬಣ್ಣಕ್ಕೆ. ಅಜ್ಜನ ಪೆಟ್ಟಿಗೆಯಲ್ಲಿ ಸಿಗುವ ಅಗ್ಫಾ ಕ್ಲಿಕ್ 3 ಕೂಡ ಬೇಡ. ನಮ್ಮಲ್ಲಿ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ ಅದು. ಹೇಗಿದೆಯೋ ಹಾಗೇ ಒರೆಸಿ ಇಟ್ಟುಕೊಳ್ಳಿ.

ಒಳಗೇ ಫ್ಲ್ಯಾಶ್ ಇರುವ ಪಾಯಿಂಟ್ ಅಂಡ್ ಶೂಟ್ ಕ್ಯಾಮೆರಾಗಳನ್ನಂತೂ ಬಿಚ್ಚಲೇಬೇಡಿ. ಫ್ಲ್ಯಾಶಿನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ 300 ವೋಲ್ಟ್ ಆಸುಪಾಸು ಹಿಡಿದಿಟ್ಟುಕೊಂಡಿರಬಹುದು. ಕೈ ತಾಗಿದರೆ ಜೋರಾಗಿ ಹೊಡೆಯುತ್ತದೆ.

ಬಿಚ್ಚುವುದು

ಶುರು ಮಾಡುವ ಮುಂಚೆ ಒಂದು ರೋಲ್ ಹಾಕಿ ತೆಗೆದು ನೋಡಿ. ಬಣ್ಣ ಹಾಕಿ ಮುಗಿಸಿದ ಮೇಲೆ ಏನಾದರೂ ತೊಂದರೆ ಕಂಡರೆ ಅದು ಮೊದಲೇ ಇತ್ತೋ, ಬಿಚ್ಚಿದ್ದರಿಂದ ಬಂತೋ ಅಂತ ಗೊತ್ತಾಗಬೇಕಲ್ವಾ.

ಸ್ಕ್ರೂಡ್ರೈವರ್ ವಿಷಯದಲ್ಲಿ ಕಂಜೂಸುತನ ಬೇಡ. ಜಪಾನೀ ಕ್ಯಾಮೆರಾಗಳ ಪ್ಲಸ್ ಸ್ಕ್ರೂ ನಮ್ಮ ಹಾರ್ಡ್‌ವೇರ್ ಅಂಗಡಿಯ ಫಿಲಿಪ್ಸ್ ಅಲ್ಲ, ಜೆಐಎಸ್ ಅನ್ನುವ ಜಪಾನಿನ ಅಳತೆ. ಎರಡೂ ನೋಡಲು ಒಂದೇ. ಫಿಲಿಪ್ಸ್ ತುದಿ ಅದರೊಳಗೆ ಪೂರ್ತಿ ಇಳಿಯುವುದಿಲ್ಲ, ಒತ್ತಿ ತಿರುಗಿಸಿದರೆ ಜಾರಿ ತಲೆಯನ್ನೇ ತಿಂದು ಹಾಕುತ್ತದೆ. ಜೆಐಎಸ್ ಸೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಜೊತೆಗೆ ಎರಡು ಮೂತಿಯ ಲೆನ್ಸ್ ಸ್ಪ್ಯಾನರ್ ಒಂದು ಬೇಕು. ಹಿಡಿಯಲು ಜಾಗವೇ ಇಲ್ಲದ ದುಂಡನೆಯ ಮುಚ್ಚಳಗಳಿಗೆ ರಬ್ಬರ್ ಬಿರಡೆ ಸಾಕು, ಒತ್ತಿ ಹಿಡಿದು ತಿರುಗಿಸಬೇಕು.

ಬ್ಯಾಟರಿ ಮತ್ತು ಲೆನ್ಸ್ ತೆಗೆದು, ಲೆನ್ಸ್ ಜಾಗಕ್ಕೆ ಬಾಡಿ ಕ್ಯಾಪ್ ಹಾಕಿ. ಮೊದಲು ಬಾಟಮ್ ಪ್ಲೇಟ್ ತೆಗೆಯಿರಿ. ನಾಲ್ಕಾರು ಸಣ್ಣ ಸ್ಕ್ರೂ, ಅಷ್ಟೇ. ಕೈ ಪಳಗುವುದಕ್ಕೂ ಇದೇ ಒಳ್ಳೆಯದು. ನನ್ನ ಸಲಹೆ ಕೇಳುವುದಾದರೆ, ಮೊದಲು ಬರೀ ಬಾಟಮ್ ಪ್ಲೇಟಿಗೆ ಕೊನೆಯ ತನಕ ಬಣ್ಣ ಹಾಕಿ ಮುಗಿಸಿ. ಅದು ಮನಸ್ಸಿಗೆ ಒಪ್ಪಿದ ಮೇಲೆ ಟಾಪ್ ಪ್ಲೇಟಿಗೆ ಕೈ ಹಾಕಿ.

ಟಾಪ್ ಪ್ಲೇಟಿನಲ್ಲಿ ಮೂರು ಕಡೆ ಕೆಲಸ. ಎಡಗಡೆ ರಿವೈಂಡ್ ಗುಂಡಿ: ಹಿಂಬಾಗಿಲು ತೆಗೆದರೆ ಒಳಗೆ ಫಿಲ್ಮ್ ಡಬ್ಬಿ ಹಿಡಿಯುವ ಕವಲು ಕಾಣುತ್ತದೆ. ಅದು ತಿರುಗದ ಹಾಗೆ ನಡುವೆ ಒಂದು ಸ್ಕ್ರೂಡ್ರೈವರ್ ಅಡ್ಡ ಹಿಡಿದು, ಮೇಲಿನ ಹಿಡಿಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ. ಬಲಗಡೆ ಫಿಲ್ಮ್ ಮುಂದೆ ಎಳೆಯುವ ವೈಂಡ್ ಲಿವರ್ ಮತ್ತು ಶಟರ್ ಸ್ಪೀಡ್ ಡಯಲ್. ಕೆಲವು ಕ್ಯಾಮೆರಾಗಳಲ್ಲಿ ಲಿವರ್ ಮೇಲಿನ ಮುಚ್ಚಳದ ಥ್ರೆಡ್ ಉಲ್ಟಾ ಇರುತ್ತದೆ. ಹಾಗಾಗಿ ಒಂದು ಕಡೆ ಬರಲಿಲ್ಲ ಅಂದರೆ ಬಲ ಹಾಕಬೇಡಿ, ನಿಮ್ಮ ಮಾಡೆಲ್ಲಿನ ರಿಪೇರಿ ಮ್ಯಾನುಯಲ್ ನೋಡಿ. ಡಯಲ್ ಎತ್ತುವ ಮುಂಚೆ ಅದು ಯಾವ ಅಂಕಿಯ ಮೇಲಿದೆ, ಐಎಸ್ಒ ಎಷ್ಟಕ್ಕಿದೆ ಅಂತ ಫೋಟೋ ತೆಗೆದುಕೊಳ್ಳಿ. ವಾಪಸ್ ಕೂರಿಸುವಾಗ ಒಂದು ಹಲ್ಲು ಆಚೀಚೆ ಆದರೂ ಡಯಲ್ 125 ತೋರಿಸುತ್ತದೆ, ಶಟರ್ ಇನ್ನೊಂದು ವೇಗದಲ್ಲಿ ಓಡುತ್ತದೆ.

ಸ್ಕ್ರೂ ಬಿಗಿಯಾಗಿ ಕೂತಿದ್ದರೆ ಫ್ಯಾಕ್ಟರಿಯಲ್ಲಿ ಹಾಕಿದ ಅಂಟು ಇರಬಹುದು. ಕಡ್ಡಿ ತುದಿಯಲ್ಲಿ ಒಂದು ಹನಿ ಅಸಿಟೋನ್ ಬಿಟ್ಟು ಐದು ನಿಮಿಷ ಕಾಯಿರಿ. ಎಲ್ಲ ಬಿಚ್ಚಿದ ಮೇಲೆ ಪ್ಲೇಟನ್ನು ನಿಧಾನವಾಗಿ, ನೇರ ಮೇಲಕ್ಕೆ ಎತ್ತಿ. ಹಾಟ್ ಶೂ (ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ಕಡೆಯಿಂದ ವೈರ್ ಬಂದಿದ್ದರೆ ಎಳೆದು ಹರಿಯುತ್ತದೆ. ಅದನ್ನು ಬೆಸುಗೆ ಬಿಡಿಸಿ ತೆಗೆಯಬೇಕು.

ಬಿಚ್ಚಿದ ಸ್ಕ್ರೂಗಳನ್ನು ಬಟ್ಟಲಲ್ಲಿ ಹಾಕಬೇಡಿ. ಒಂದು ರಟ್ಟಿನ ಮೇಲೆ ಕ್ಯಾಮೆರಾದ ಚಿತ್ರ ಗೀಚಿ, ಡಬಲ್ ಸೈಡ್ ಟೇಪ್ ಅಂಟಿಸಿ, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲಿಗೇ ಒತ್ತಿ. ಒಂದೇ ತರಹ ಕಾಣುವ ಸ್ಕ್ರೂಗಳ ಉದ್ದದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಇರುತ್ತದೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಒಳಗಿನ ಯಾವುದೋ ಭಾಗಕ್ಕೆ ಒತ್ತಿಕೊಳ್ಳುತ್ತದೆ. ತೆರೆದ ಬಾಡಿಯನ್ನು ಕೂಡಲೇ ಮುಚ್ಚಳ ಇರುವ ಡಬ್ಬಿಯೊಳಗಿಟ್ಟು ಇನ್ನೊಂದು ಕೋಣೆಗೆ ಒಯ್ಯಿರಿ. ಮುಂದಿನ ಹಂತದಲ್ಲಿ ಬರುವ ಧೂಳು ಪ್ರಿಸಂ ಹತ್ತಿರ ಸುಳಿಯಬಾರದು.

ಕ್ರೋಮ್ ತೆಗೆಯಬೇಕೇ?

ಬೇಡ. ಕ್ರೋಮ್ ಪೂರ್ತಿ ತೆಗೆದು ಹಿತ್ತಾಳೆಯ ಮೇಲೇ ಬಣ್ಣ ಹಾಕಿದರೆ, ಮುಂದೆ ಬಣ್ಣ ಸವೆದಾಗ ಅಂಚಿನಲ್ಲಿ ಹಳದಿ ಲೋಹ ಇಣುಕುತ್ತದೆ. ಹಳೆಯ ಕಪ್ಪು ಕ್ಯಾಮೆರಾಗಳಲ್ಲಿ ಆ ಸವೆತವನ್ನು ಇಷ್ಟಪಡುವವರು ಬಹಳ ಜನ ಇದ್ದಾರೆ, ನನಗೂ ಇಷ್ಟ. ಆದರೆ ಮನೆಯಲ್ಲಿ ಕ್ರೋಮ್ ಬಿಡಿಸುವ ದಾರಿಗಳು ಒಳ್ಳೆಯವಲ್ಲ. ಕಾಸ್ಟಿಕ್ ಸೋಡಾ ನೀರಲ್ಲಿ ಮುಳುಗಿಸಿ ಕರೆಂಟ್ ಹಾಯಿಸುವ ವಿಡಿಯೋಗಳು ಸಿಗುತ್ತವೆ. ಆ ನೀರಲ್ಲಿ ಸೇರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ವಿಷ. ಅದನ್ನು ಬಚ್ಚಲಿಗೆ ಸುರಿಯುವ ಹಾಗೂ ಇಲ್ಲ, ಮನೆಯಲ್ಲಿ ಇಡುವ ಹಾಗೂ ಇಲ್ಲ. ದಯವಿಟ್ಟು ಆ ಕೆಲಸಕ್ಕೆ ಹೋಗಬೇಡಿ.

ಕ್ರೋಮ್ ಇದ್ದ ಹಾಗೇ ಇರಲಿ, ಮೇಲ್ಮೈ ಮಾತ್ರ ಒರಟಾಗಲಿ. ಪ್ಲೇಟಿನ ಒಳಗೆ ಅಂಟಿಸಿರುವ ಗಾಜು, ಹಾಟ್ ಶೂ, ಫೋಮ್ ಎಲ್ಲ ತೆಗೆದಿಟ್ಟು ಪಾತ್ರೆ ತೊಳೆಯುವ ಸೋಪಿನ ಬೆಚ್ಚಗಿನ ನೀರಲ್ಲಿ ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ. ಕೊರೆದ ಅಕ್ಷರಗಳ ಸಂದಿಯಲ್ಲಿ ಹತ್ತಾರು ವರ್ಷದ ಬೆವರು, ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅಲ್ಲಿನ ಹಳೇ ಬಣ್ಣವನ್ನೂ ಅಸಿಟೋನ್ ಹಚ್ಚಿ ಟೂತ್‌ಪಿಕ್‌ನಿಂದ ಕೆದಕಿ ತೆಗೆಯಿರಿ.

ಆಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ. 400 ನಂಬರಿನಿಂದ ಶುರು ಮಾಡಿ 600ಕ್ಕೆ ಬನ್ನಿ. ನೀರು ಹಾಕಿಕೊಂಡೇ ಉಜ್ಜಿ, ಒಣ ಪುಡಿ ಗಾಳಿಗೆ ಏಳಬಾರದು. ಎಲ್ಲಿಯ ತನಕ ಉಜ್ಜಬೇಕು? ಪ್ಲೇಟನ್ನು ಒಣಗಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎಲ್ಲಾದರೂ ಒಂದು ಕಡೆ ಬೆಳಕು ಮಿಂಚಿದರೆ ಅಲ್ಲಿ ಪೇಪರ್ ತಾಗಿಲ್ಲ ಅಂತ ಅರ್ಥ. ಪ್ರಿಸಂ ಗೋಪುರದ ಬುಡ ಮತ್ತು ಗುಂಡಿಗಳ ಸುತ್ತಲಿನ ತಗ್ಗುಗಳಲ್ಲಿ ಬೆರಳು ಹೋಗುವುದಿಲ್ಲ. ಪೇಪರನ್ನು ಚಿಕ್ಕದಾಗಿ ಕತ್ತರಿಸಿ ಪೆನ್ಸಿಲ್ ಹಿಂದಿನ ರಬ್ಬರಿಗೆ ಸುತ್ತಿ ಉಜ್ಜಿ. ಬಣ್ಣ ಮೊದಲು ಏಳುವುದು ಇಂಥ ತಗ್ಗುಗಳಲ್ಲೇ. ಉಜ್ಜುವಾಗ ಕ್ರೋಮ್ ಸಿಪ್ಪೆ ಏಳುತ್ತಿದ್ದರೆ ಆ ಜಾಗದಲ್ಲಿ ಗಟ್ಟಿ ಅಂಚು ಸಿಗುವ ತನಕ ಉಜ್ಜಿ. ಸಣ್ಣ ತಗ್ಗು ಬಿದ್ದಿದ್ದರೆ ಕಾರಿನ ಪುಟ್ಟಿ ತೆಳ್ಳಗೆ ಹಚ್ಚಿ ಸಮ ಮಾಡಿ.

ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಇಲ್ಲಿಂದ ಮುಂದೆ ಗ್ಲೌಸ್ ಇಲ್ಲದೆ ಪ್ಲೇಟ್ ಮುಟ್ಟುವ ಹಾಗಿಲ್ಲ. ಒಂದು ಹೆಬ್ಬೆರಳಿನ ಗುರುತು ಸಾಕು, ಪ್ರೈಮರ್ ಅಲ್ಲಿ ಕೂರುವುದಿಲ್ಲ.

ಬಣ್ಣ ಎಲ್ಲಿ ಸಿಗುತ್ತದೆ, ಯಾವುದು ತರಬೇಕು

ನಿಮಗೆ ಬೇಕಾದ ಬಣ್ಣ ರೆಡಿ ಡಬ್ಬಿಯಲ್ಲಿ ಸಿಕ್ಕರೆ ಸುಲಭ. ಸಿಗದಿದ್ದರೆ ಕಾರಿನ ಪೇಂಟ್ ಮಿಕ್ಸ್ ಮಾಡಿಕೊಡುವ ಅಂಗಡಿಗೆ ಹೋಗಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಗೊತ್ತೇ ಇದೆ. ಬೇರೆ ಊರುಗಳಲ್ಲಿ ಟಿಂಕರಿಂಗ್ ಶಾಪಿನವರನ್ನು ಕೇಳಿದರೆ ತಾವು ಎಲ್ಲಿಂದ ತರಿಸುತ್ತೇವೆ ಅಂತ ಹೇಳುತ್ತಾರೆ. ಕಾರು, ಬೈಕುಗಳ ಬಣ್ಣಕ್ಕೆ ಕೋಡ್ ಇರುತ್ತದೆ, ಕೋಡ್ ಕೊಟ್ಟರೆ ಅದೇ ಬಣ್ಣ ಕಲಸಿ ಕೊಡುತ್ತಾರೆ. ಕೆಲವು ಕಡೆ ಸ್ಪ್ರೇ ಡಬ್ಬಿಗೇ ತುಂಬಿ ಕೊಡುವುದೂ ಉಂಟು. ಮೊದಲ ಸಲಕ್ಕೆ ಮೆಟಾಲಿಕ್ ಬೇಡ. ಅದರಲ್ಲಿರುವ ಚೂರುಗಳು ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಕೂತರೆ ಮೋಡ ಕವಿದ ಹಾಗೆ ಕಾಣುತ್ತದೆ. ಗಾಢ ಹಸಿರು, ಬೂದು ನೀಲಿ, ಇಟ್ಟಿಗೆ ಕೆಂಪು ಇಂಥ ಸಾದಾ ಬಣ್ಣಗಳು ಬಾಡಿಗೆ ಸುತ್ತಿರುವ ಕಪ್ಪು ರೆಕ್ಸಿನ್ ಜೊತೆ ಚೆನ್ನಾಗಿ ಕೂರುತ್ತವೆ. ಬಣ್ಣದ ಕ್ಯಾಮೆರಾ ಅಂದರೆ ಆಟಿಕೆ ಅನ್ನುವವರಿಗೆ ಒಂದು ಮಾತು: 2009ರಲ್ಲಿ ಪೆಂಟಾಕ್ಸ್ ಕಂಪನಿಯೇ ಕೆ-ಎಕ್ಸ್ ಡಿಜಿಟಲ್ ಕ್ಯಾಮೆರಾವನ್ನು ಜಪಾನಿನಲ್ಲಿ ನೂರು ತರಹದ ಬಣ್ಣದ ಜೋಡಿಗಳಲ್ಲಿ ಮಾರಿತ್ತು.

ಪ್ರೈಮರ್ ಮಾತ್ರ ಸರಿಯಾದದ್ದೇ ಬೇಕು. ಮರಕ್ಕೆ, ಕಬ್ಬಿಣದ ಗೇಟಿಗೆ ಹಚ್ಚುವ ಪ್ರೈಮರ್ ಇಲ್ಲಿ ನಡೆಯುವುದಿಲ್ಲ. ಆಟೋ ಪೇಂಟ್ ಅಂಗಡಿಯಲ್ಲಿ ಎಚ್ ಪ್ರೈಮರ್ (etch primer) ಅಂತ ಕೇಳಿ. ಅದರಲ್ಲಿರುವ ಸ್ವಲ್ಪ ಆಸಿಡ್ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಅಲ್ಯೂಮಿನಿಯಂ ಪ್ಲೇಟ್ ಇರುವ ಕ್ಯಾಮೆರಾಗಳಿಗಂತೂ ಇದು ಬೇಕೇ ಬೇಕು.

ಇನ್ನೊಂದು ಎಚ್ಚರಿಕೆ. ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ) ಮೂರೂ ಒಂದಕ್ಕೊಂದು ಹೊಂದಬೇಕು. ಸರಿಯಾಗಿ ಒಣಗದ ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಪದರ ಉಬ್ಬಿ ಸುಕ್ಕುಗಟ್ಟುತ್ತದೆ. ಅಲ್ಲಿಗೆ ಎಲ್ಲ ಕೆರೆದು ಮೊದಲಿಂದ ಶುರು. ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ, ಆಮೇಲೆ ಒಂದು ಹಳೇ ಡಬ್ಬಿಯ ಮುಚ್ಚಳದ ಮೇಲೆ ಮೂರೂ ಪದರ ಹೊಡೆದು ನೋಡಿ. ಕಾರಿನ ಬೇಸ್ ಕೋಟ್ ತಂದಿದ್ದರೆ ಮೇಲೆ ಕ್ಲಿಯರ್ ಹಾಕಲೇಬೇಕು, ಅದಿಲ್ಲದೆ ಆ ಬಣ್ಣಕ್ಕೆ ಹೊಳಪೂ ಇಲ್ಲ, ಗಟ್ಟಿತನವೂ ಇಲ್ಲ. ಹಾರ್ಡ್ನರ್ ಬೆರೆಸುವ 2ಕೆ ಕ್ಲಿಯರ್ ಬಹಳ ಗಟ್ಟಿ, ನಿಜ. ಆದರೆ ಅದರಲ್ಲಿ ಐಸೋಸಯನೇಟ್ ಇರುತ್ತದೆ, ಉಸಿರಾಟಕ್ಕೆ ಅಪಾಯ. ಅದೇ ಬೇಕು ಅಂದರೆ ಬಣ್ಣ ಹಾಕಿದ ಪ್ಲೇಟನ್ನು ಟಿಂಕರಿಂಗ್ ಶಾಪಿಗೆ ಒಯ್ದು, ಅವರು ಕಾರಿಗೆ ಹೊಡೆಯುವಾಗ ಇದಕ್ಕೂ ಒಂದು ಕೈ ಹೊಡೆಸಿಕೊಂಡು ಬನ್ನಿ.

ಹೊಡೆಯುವ ದಿನ

ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟೇ ಬಿಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಲ್ಯಾಕರ್ ಒಣಗುವಾಗ ನೀರಿನಂಶ ಹಿಡಿದು ಬಿಳಿ ಮಬ್ಬು ಕಟ್ಟುತ್ತದೆ. ಸುಡು ಬಿಸಿಲೂ ಒಳ್ಳೆಯದಲ್ಲ, ಬಣ್ಣ ಪ್ಲೇಟ್ ತಲುಪುವ ಮುಂಚೆಯೇ ಒಣಗಿ ಮರಳಿನ ಹಾಗೆ ಕೂರುತ್ತದೆ. ಚಳಿಗಾಲ ಮುಗಿಯುವ ಹೊತ್ತಿನ ಬೆಳಗ್ಗೆ ಹತ್ತು, ಹನ್ನೊಂದು ಗಂಟೆ ನನಗೆ ಎಲ್ಲಕ್ಕಿಂತ ಇಷ್ಟ.

ತಾರಸಿ ಅಥವಾ ಬಾಲ್ಕನಿ ಸಾಕು. ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿದರೆ ಅದೇ ಬೂತ್. ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಿ, ಧೂಳು ಏಳುವುದಿಲ್ಲ. ಡಬ್ಬಿಯೊಳಗಿನ ಗ್ಯಾಸಿಗೂ ಥಿನ್ನರಿಗೂ ಬೆಂಕಿ ಬೇಗ ಹತ್ತುತ್ತದೆ. ಒಲೆ, ದೇವರ ದೀಪ, ಊದುಬತ್ತಿ ಹತ್ತಿರ ಇರಬಾರದು. ಮುಖಕ್ಕೆ ಬಟ್ಟೆಯ ಮಾಸ್ಕ್ ಸಾಲದು, ಪೇಂಟ್ ಹೊಗೆ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿಕೊಳ್ಳಿ.

ಪ್ಲೇಟಿನ ಒಳಭಾಗ ಪೂರ್ತಿ ಮಾಸ್ಕಿಂಗ್ ಟೇಪ್‌ನಿಂದ ಮುಚ್ಚಿ. ಬಾಡಿಯ ಜೊತೆ ಕೂಡುವ ಕೆಳ ಅಂಚು, ಸ್ಕ್ರೂ ತೂತಿನ ಒಳಗೋಡೆ, ಗುಂಡಿಗಳು ತಿರುಗುವ ತೂತು ಇಲ್ಲೆಲ್ಲ ಬಣ್ಣ ಬೇಡ. ಕ್ಯಾಮೆರಾದ ಭಾಗಗಳು ಕೂದಲೆಳೆ ಅಂತರದಲ್ಲಿ ಕೂರುತ್ತವೆ. ಮೂರು ನಾಲ್ಕು ಪದರ ಬಣ್ಣ ಬಿದ್ದರೆ ಡಯಲ್ ಉಜ್ಜಿಕೊಂಡು ತಿರುಗುತ್ತದೆ.

ಡಬ್ಬಿಯನ್ನು ಉಗುರು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನಿಲ್ಲಿಸಿ, ಆಮೇಲೆ ಎರಡು ನಿಮಿಷ ಚೆನ್ನಾಗಿ ಕುಲುಕಿ. ಬೆಚ್ಚಗಿನ ಬಣ್ಣ ನವಿರಾಗಿ ಹೊರಬರುತ್ತದೆ. ಬಿಸಿ ನೀರು ಬೇಡ, ಒಲೆಯ ಹತ್ತಿರವಂತೂ ಬೇಡವೇ ಬೇಡ, ಡಬ್ಬಿ ಸಿಡಿಯುತ್ತದೆ.

ಪ್ಲೇಟಿನಿಂದ 20–25 ಸೆಂಟಿಮೀಟರ್ ದೂರ. ಸ್ಪ್ರೇ ಪ್ಲೇಟಿನ ಆಚೆ ಶುರುವಾಗಿ ಪ್ಲೇಟ್ ದಾಟಿ ಇನ್ನೊಂದು ಬದಿಯಲ್ಲಿ ನಿಲ್ಲಬೇಕು. ಮೊದಲು ಪ್ರೈಮರ್, ಎರಡು ತೆಳು ಕೋಟ್. ದಪ್ಪ ಹಾಕಿದರೆ ಕೊರೆದ ಅಕ್ಷರಗಳು ತುಂಬಿಕೊಂಡು ಮಾಯವಾಗುತ್ತವೆ. ಪ್ರೈಮರ್ ಒಣಗಿದ ಮೇಲೆ 800 ನಂಬರಿನ ಪೇಪರ್‌ನಲ್ಲಿ ಹಗುರವಾಗಿ ಸವರಿ ಒರೆಸಿ. ಬಣ್ಣದ ಮೊದಲ ಕೋಟ್ ಮಂಜು ಬಿದ್ದಷ್ಟೇ ಇರಲಿ, ಕೆಳಗಿನ ಪ್ರೈಮರ್ ಕಾಣುತ್ತಿರಲಿ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಹಾಗೇ ಮೂರು. ಕೊನೆಯದು ಮಾತ್ರ ಸ್ವಲ್ಪ ಒದ್ದೆಯಾಗಿ ಕಾಣುವಷ್ಟು. ಬಣ್ಣ ಇಳಿದು ಗೆರೆ ಮೂಡಿದರೆ ಬೆರಳು ಹಾಕಬೇಡಿ. ಪೂರ್ತಿ ಒಣಗಲಿ, ಮಾರನೇ ದಿನ ವಾಟರ್ ಪೇಪರ್‌ನಲ್ಲಿ ಸಮ ಮಾಡಿ ಇನ್ನೊಂದು ಕೋಟ್ ಹಾಕಬಹುದು. ಕೂದಲೋ ಸೊಳ್ಳೆಯೋ ಅಂಟಿದರೂ ಇದೇ ಮದ್ದು.

ಮುಟ್ಟಿದರೆ ಒಣಗಿದೆ ಅನ್ನಿಸುವುದಕ್ಕೂ ನಿಜವಾಗಿ ಗಟ್ಟಿಯಾಗುವುದಕ್ಕೂ ವಾರಗಳ ವ್ಯತ್ಯಾಸ ಇದೆ. ಒಂದು ದಿನ ನೆರಳಲ್ಲಿ ಒಣಗಿಸಿ, ಆಮೇಲೆ ತಗಡಿನ ಡಬ್ಬಿಯೊಳಗೆ ತೂಗುಬಿಟ್ಟು ಬಿಸಿಲಿಗೆ ಇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಇಡಬಹುದು. ಅಡುಗೆಯ ಓವನ್ ಬಳಸಬೇಡಿ, ಆ ಹೊಗೆ ಊಟಕ್ಕೆ ಸೇರಬಾರದು. ಮೂಗಿನ ಹತ್ತಿರ ಹಿಡಿದರೆ ಥಿನ್ನರ್ ವಾಸನೆ ಬರುತ್ತಿದೆಯೇ? ಹಾಗಾದರೆ ಇನ್ನೂ ಆಗಿಲ್ಲ.

ಅಕ್ಷರ ತುಂಬುವುದು

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಕ್ಯಾಮೆರಾಗೆ ಮುಖ ಬರುವುದು ಇಲ್ಲೇ.

ನೀರಲ್ಲಿ ಕರಗುವ ಆಕ್ರಿಲಿಕ್ ಬಣ್ಣ ತಗೊಳ್ಳಿ. ಎನಾಮಲ್ ತಗೊಂಡರೆ ಒರೆಸಲು ಥಿನ್ನರ್ ಬೇಕು, ಅದು ಕೆಳಗಿನ ಹೊಸ ಬಣ್ಣವನ್ನೂ ತಿನ್ನುತ್ತದೆ. ಟೂತ್‌ಪಿಕ್ ತುದಿಯಲ್ಲಿ ಸ್ವಲ್ಪವೇ ಬಣ್ಣ ತೆಗೆದು ಅಕ್ಷರದ ಗೆರೆಯೊಳಗೆ ಒತ್ತಿ ಕೂರಿಸಿ. ಸುತ್ತ ಹರಡಿದರೂ ಪರವಾಗಿಲ್ಲ. ಒಂದೆರಡು ನಿಮಿಷ ಬಿಡಿ. ಈಗ ಹಳೇ ವಿಸಿಟಿಂಗ್ ಕಾರ್ಡಿಗೆ ತೆಳು ಹತ್ತಿ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಸ್ವಲ್ಪವೇ ನೆನೆಸಿ, ಅಕ್ಷರಗಳ ಮೇಲೆ ಚಪ್ಪಟೆಯಾಗಿ ಒಂದೇ ಸಲ ಎಳೆಯಿರಿ. ಬರೀ ಬೆರಳಿಗೆ ಬಟ್ಟೆ ಸುತ್ತಿ ಒರೆಸಿದರೆ ಮೆತ್ತನೆಯ ಬೆರಳು ಗೆರೆಯೊಳಕ್ಕೆ ಇಳಿದು ತುಂಬಿದ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ. ಕಾರ್ಡ್ ಗಟ್ಟಿ ಇರುವುದರಿಂದ ಮೇಲಿನದನ್ನು ಮಾತ್ರ ಒರೆಸುತ್ತದೆ. ಪ್ರತಿ ಎಳೆತಕ್ಕೂ ಬಟ್ಟೆಯ ಹೊಸ ಜಾಗ. ಅಕ್ಷರ ಮಸುಕಾಗಿದ್ದರೆ ಒಣಗಿದ ಮೇಲೆ ಇನ್ನೊಮ್ಮೆ ತುಂಬಿ.

ಗಾಢ ಬಣ್ಣದ ಮೇಲೆ ಬಿಳಿಗಿಂತ ಕೆನೆ ಬಣ್ಣ ಚೆನ್ನಾಗಿ ಕಾಣುತ್ತದೆ. ಅಚ್ಚ ಬಿಳಿ ಕಣ್ಣಿಗೆ ಹೊಡೆಯುತ್ತದೆ.

ರೆಕ್ಸಿನ್ ಮತ್ತು ಜೋಡಣೆ

ಬಾಡಿಯ ಹಳೇ ರೆಕ್ಸಿನ್ ಚೆನ್ನಾಗಿದ್ದರೆ ಬಿಡಿ. ಬದಲಿಸಬೇಕಿದ್ದರೆ ಹೇರ್ ಡ್ರೈಯರ್ ಬಿಸಿ ಕೊಟ್ಟು ಒಂದು ಮೂಲೆಯಿಂದ ನಿಧಾನವಾಗಿ ಎತ್ತಿ. ಹರಿಯದೆ ಬಂದರೆ ಅದನ್ನೇ ಅಳತೆಗೆ ಇಟ್ಟುಕೊಂಡು ಹೊಸದು ಕತ್ತರಿಸಬಹುದು. ಸೀಟ್ ಕವರ್ ಅಂಗಡಿಯ ರೆಕ್ಸಿನ್ ಸಾಮಾನ್ಯವಾಗಿ ದಪ್ಪ. ಒಂದು ಮಿಲಿಮೀಟರಿಗಿಂತ ತೆಳ್ಳಗಿರುವುದನ್ನು ಹುಡುಕಿ, ಇಲ್ಲದಿದ್ದರೆ ಹಿಂಬಾಗಿಲ ಅಂಚಿಗೆ ತಾಗುತ್ತದೆ. ಅಂಟಿಗೆ ಫೆವಿಬಾಂಡ್ ತರಹದ ರಬ್ಬರ್ ಗಮ್ ಸರಿ, ಎರಡೂ ಕಡೆ ತೆಳ್ಳಗೆ ಹಚ್ಚಿ ಒಣಗಿದ ಹಾಗಾದ ಮೇಲೆ ಒತ್ತಬೇಕು. ಸೂಪರ್ ಗ್ಲೂ ಬೇಡ, ಅದರ ಆವಿ ಗಾಜಿನ ಮೇಲೆ ಬಿಳಿಯಾಗಿ ಕೂರುತ್ತದೆ.

ಕ್ಯಾಮೆರಾ ತೆರೆದಿರುವಾಗಲೇ ಹಿಂಬಾಗಿಲಿನ ಬೆಳಕು ತಡೆಯುವ ಫೋಮ್ ನೋಡಿ. ಹಳೆಯದು ಡಾಂಬರಿನಂತೆ ಅಂಟಂಟಾಗಿದ್ದರೆ ಐಸೋಪ್ರೊಪೈಲ್‌ನಲ್ಲಿ ಕೆರೆದು ತೆಗೆದು, ಆ ಕಾಲುವೆಯಲ್ಲಿ ಕಪ್ಪು ಉಣ್ಣೆಯ ದಾರ ಕೂರಿಸಿದರೂ ಆಗುತ್ತದೆ.

ಜೋಡಿಸುವಾಗ ಸ್ಕ್ರೂಡ್ರೈವರ್ ಜಾರಿದರೆ ಇಷ್ಟು ದಿನದ ಕೆಲಸಕ್ಕೆ ಗೀರು. ಸ್ಕ್ರೂ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡು ಬಿಗಿ ಮಾಡಿ. ಮೊದಲು ಎಲ್ಲ ಸ್ಕ್ರೂಗಳನ್ನೂ ಸಡಿಲವಾಗಿ ಹಾಕಿ, ಡಯಲ್ ಎಲ್ಲ ವೇಗಕ್ಕೂ ತಿರುಗುತ್ತಿದೆಯೇ, ಲಿವರ್ ಪೂರ್ತಿ ವಾಪಸ್ ಬರುತ್ತಿದೆಯೇ ನೋಡಿ. ನಂತರ ಹಿಂಬಾಗಿಲು ತೆರೆದು ಬೆಳಕಿಗೆ ಹಿಡಿದು ಒಂದು ಸೆಕೆಂಡಿನಿಂದ 1/1000 ತನಕ ಒಂದೊಂದೇ ವೇಗ ಹಾಕಿ ಶಟರ್ ಬಿಡಿ. ಕಣ್ಣಿಗೇ ವ್ಯತ್ಯಾಸ ಗೊತ್ತಾಗಬೇಕು. ಎಲ್ಲ ಸರಿ ಇದ್ದರೆ ಆಮೇಲೆ ಬಿಗಿ ಮಾಡಿ, ಒಂದು ರೋಲ್ ಹಾಕಿ.

ಮೊದಲ ಒಂದು ತಿಂಗಳು ಚರ್ಮದ ಬಿಗಿ ಕೇಸಿನೊಳಗೆ ಇಡಬೇಡಿ, ಪೂರ್ತಿ ಗಟ್ಟಿಯಾಗದ ಬಣ್ಣಕ್ಕೆ ಕೇಸಿನ ಅಚ್ಚು ಬೀಳುತ್ತದೆ. ಸ್ಯಾನಿಟೈಜರ್ ಹಚ್ಚಿದ ಕೈಯಲ್ಲಿ ಹಿಡಿಯಬೇಡಿ. ಸೊಳ್ಳೆ ಕ್ರೀಮಿನಲ್ಲಿರುವ ಡೀಟ್ ಕೂಡ ಬಣ್ಣವನ್ನು ಮೆತ್ತಗೆ ಮಾಡುತ್ತದೆ, ಕಾಡಿಗೆ ಹೋಗುವವರು ಇದನ್ನು ನೆನಪಿಡಬೇಕು. ಸ್ಟ್ರಾಪ್ ರಿಂಗ್ ತಾಗುವ ಜಾಗದಲ್ಲಿ ಬಣ್ಣ ಬೇಗ ಹೋಗುತ್ತದೆ, ಅಲ್ಲಿ ರೆಕ್ಸಿನ್ ಚೂರೊಂದನ್ನು ವಾಷರಿನ ಹಾಗೆ ಹಾಕಿ. ಉಳಿದ ಬಣ್ಣ ಸ್ವಲ್ಪವನ್ನು ತೊಳೆದ ನೇಲ್ ಪಾಲಿಶ್ ಬಾಟಲಿಗೆ ಹಾಕಿ, ಕೋಡ್ ಬರೆದ ಚೀಟಿ ಅಂಟಿಸಿ ಇಟ್ಟುಕೊಳ್ಳಿ. ಮುಂದೆ ಎಲ್ಲಾದರೂ ಚಿಕ್ಕ ಗೀರು ಬಿದ್ದರೆ ಅದರ ಬ್ರಷ್‌ನಿಂದಲೇ ತೀಡಬಹುದು.